ಗೋಡೆಯಿಲ್ಲದ ಜೈಲು



ಕುಪವಾಡ ಎಂಐಡಿಸಿಯಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಚಹಾದಂಗಡಿಯ ಮುಂದೆ ನಿಂತರೆ ಮರಾಠಿಯ ನಡುವೆ ಜತ್ತದ ಕನ್ನಡ, ಅಥಣಿಯ ಕನ್ನಡ ಕಿವಿಗೆ ಬೀಳುತ್ತದೆ. ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಾಡಿಗೆ ಖೋಲಿಯಲ್ಲಿ ಇರುವವರೂ ಅಲ್ಲಿದ್ದಾರೆ. ಯಂತ್ರ ನಡೆಸುವುದನ್ನು ಕಾರಖಾನೆ ಕಲಿಸುತ್ತದೆ. ಪಗಾರದ ದುಡ್ಡನ್ನು ತಿಂಗಳಿಡೀ ಹೇಗೆ ಕಾಯ್ದುಕೊಳ್ಳಬೇಕು, ಸೂಟಿಗೆ ಮನೆಗೆ ಹೋದಾಗ ಮನೆಯವರೊಡನೆ ಹೇಗೆ ಬೆರೆಯಬೇಕು? ದೊಡ್ಡವರಿಗೆ ಇದನ್ನು ಕಲಿಸುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಸಾಂಗಲಿ ಜಿಲ್ಲೆಯ ಮಣ್ಣಿನಲ್ಲಿಯೇ ಹಿಂದೊಮ್ಮೆ ಕೆಲವರು ಕೈಗೆತ್ತಿಕೊಂಡಿದ್ದರು. ಅದೂ ಯಾರಿಗಾಗಿ? ಕೈದಿಗಳಿಗಾಗಿ.

ಆಗ ಔಂಧ ಎಂಬ ಪುಟ್ಟ ಸಂಸ್ಥಾನವಿತ್ತು. ಸೂರ್ಯನಮಸ್ಕಾರದ ಪ್ರಚಾರಕ್ಕೆ ಹೆಸರಾದ ಭವಾನರಾವ ಪಂತ ಪ್ರತಿನಿಧಿ ಅಲ್ಲಿಯ ರಾಜರು. ಬೆಳಗಾವಿಯಲ್ಲಿ ಜಾಗ ಕಳೆದುಕೊಂಡ ಲಕ್ಷ್ಮಣರಾವ ಕಿರ್ಲೋಸ್ಕರರಿಗೆ 1910ರಲ್ಲಿ ಕುಂಡಲದ ಬಳಿ ನೆಲ ಕೊಟ್ಟವರು ಇವರೇ. ಆ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ದರೋಡೆ ಮಾಡಿ ಶಿಕ್ಷೆ ಉಂಡು ಬಂದವನ ಕೈಗೇ ಲಕ್ಷ್ಮಣರಾಯರು ಕಾರಖಾನೆಯ ಕಾವಲು ಕೊಟ್ಟರಂತೆ! ನಂಬಿಕೆ ಇಟ್ಟರೆ ಮನುಷ್ಯ ತಿದ್ದಿಕೊಳ್ಳುತ್ತಾನೆ ಎಂಬ ಮಾತು ಈ ಸೀಮೆಯಲ್ಲಿ ಹೀಗೆ ಮೊದಲೇ ಓಡಾಡುತ್ತಿತ್ತು.

ಇನ್ನೊಬ್ಬರು ಬಂದದ್ದು ಬೆಂಗಳೂರಿನಿಂದ. ಮಾರಿಸ್ ಫ್ರೈಡ್‌ಮನ್, ಪೋಲೆಂಡ್ ದೇಶದ ಇಂಜಿನಿಯರು. ದಿವಾನ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಮೈಸೂರು ಸರಕಾರದ ವಿದ್ಯುತ್ ಕಾರಖಾನೆಯನ್ನು ನಡೆಸಿದವರು. ಕಾವಿ ಉಟ್ಟು ಭಾರತಾನಂದರಾದರು, ನೂಲುವ ಧನುಷ್ ತಕಲಿಯನ್ನೂ ರೂಪಿಸಿದರು. ರಾಜರ ಮಗ ಅಪ್ಪಾಸಾಹೇಬ ಪಂತರ ಗೆಳೆತನ ಅವರನ್ನು ಔಂಧಕ್ಕೆ ಎಳೆಯಿತು. 1939ರಲ್ಲಿ ಗಾಂಧೀಜಿಯವರ ಸಲಹೆಯಂತೆ ರಾಜರು ಪ್ರಜೆಗಳಿಗೆ ಸ್ವರಾಜ್ಯದ ಸಂವಿಧಾನ ಕೊಟ್ಟರು. ಹಳ್ಳಿಗಳು ತಮ್ಮ ಆಡಳಿತ ತಾವೇ ನೋಡಿಕೊಳ್ಳುವುದಾದರೆ ಜೈಲಿನವರ ಗತಿಯೇನು? ಆ ದಿನಗಳಲ್ಲಿಯೇ ಆಟಪಾಡಿಯ ಬಳಿ ಸ್ವತಂತ್ರಪುರ ಹುಟ್ಟಿತು.

ಆಟಪಾಡಿ ಬರದ ಸೀಮೆ, ಮಳೆ ನಂಬಿ ಕೂತರೆ ಹೊಟ್ಟೆ ತುಂಬದು. ಅಲ್ಲಿ ಕೈದಿಗಳಿಗೆ ಹೊಲ ಕೊಟ್ಟರು. ಸುತ್ತ ಗೋಡೆ ಕಟ್ಟಲಿಲ್ಲ. ಹೆಂಡತಿ ಮಕ್ಕಳೂ ಬಂದು ಜತೆಗಿರಬಹುದಿತ್ತು. ನನಗೆ ಗೋಡೆ ಇಲ್ಲದ್ದಕ್ಕಿಂತ ಇದೇ ದೊಡ್ಡದಾಗಿ ಕಾಣುತ್ತದೆ. ಯೋಚಿಸಿ ನೋಡಿರಿ. ಜೈಲಿನಲ್ಲಿ ಗಂಟೆ ಬಾರಿಸಿದಾಗ ಏಳುವುದು, ಗಂಟೆ ಬಾರಿಸಿದಾಗ ಉಣ್ಣುವುದು. ವರ್ಷಾನುಗಟ್ಟಲೆ ಹೀಗಿದ್ದವನು ಬೀಜಕ್ಕೆ ಎಷ್ಟು, ಸಂತೆಗೆ ಎಷ್ಟು ಎಂದು ಲೆಕ್ಕ ಹಾಕುವುದನ್ನೇ ಮರೆತಿರುತ್ತಾನೆ. ಇತ್ತ ಹೆಂಡತಿ ಒಬ್ಬಳೇ ಸಂಸಾರ ಎಳೆದು ಗಟ್ಟಿಯಾಗಿರುತ್ತಾಳೆ, ಮಗುವಿಗೆ ಅಪ್ಪನ ಗುರುತಿರುವುದಿಲ್ಲ. ಬಿಡುಗಡೆಯ ದಿನ ಬಾಗಿಲಿಗೆ ಬಂದು ನಿಲ್ಲುವವನು ಪರಕೀಯನೇ. ಒಂದೇ ಒಲೆಯ ಮುಂದೆ ಕೂತು, ಜಗಳಾಡಿ, ರಾಜಿಯಾಗಿ, ಬೆಳಿಗ್ಗೆ ಎದ್ದು ಒಂದೇ ಹೊಲಕ್ಕೆ ಹೋಗುವುದರಿಂದ ಮಾತ್ರ ಆ ಪಾಠ ಬಂದೀತು. ಅದನ್ನು ಅವನೊಬ್ಬನಿಗೇ ಹೇಳಿಕೊಡಲು ಬರುವುದಿಲ್ಲ.

1948ರಲ್ಲಿ ಔಂಧ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ವಸಾಹತು ಉಳಿಯಿತು. ಆ ಸೀಮೆಯವರೇ ಆದ ಗ. ದಿ. ಮಾಡಗೂಳಕರರು ಇದರಿಂದ ಕಥೆ ಹೆಣೆದರು, 1957ರಲ್ಲಿ ವಿ. ಶಾಂತಾರಾಮರು 'ದೋ ಆಂಖೇ ಬಾರಹ ಹಾಥ' ಚಿತ್ರ ತೆಗೆದರು. ಬರ್ಲಿನ್ ಉತ್ಸವದಲ್ಲೂ ಅದಕ್ಕೆ ಪ್ರಶಸ್ತಿ ಬಂತು. ನಿಮ್ಮಲ್ಲಿ ಹಿರಿಯರು ಸಾಂಗಲಿಯ ಟಾಕೀಜಿನಲ್ಲಿ ನೋಡಿರಬಹುದು. ಚಿತ್ರದ ಕೊನೆಗೆ ಜೈಲರ ಸಾಯುತ್ತಾನೆ, ನಾವು ಕಣ್ಣೊರೆಸಿಕೊಂಡು ಮನೆಗೆ ಬರುತ್ತೇವೆ. ಸ್ವತಂತ್ರಪುರ ಮಾತ್ರ ಕಾರಾಗೃಹ ಇಲಾಖೆಯ ತೆರೆದ ವಸಾಹತಾಗಿ ಮುಂದುವರಿಯಿತು, ಕೈದಿಯ ಸಂಸಾರಕ್ಕೂ ಅಲ್ಲಿ ಜಾಗವಿಟ್ಟುಕೊಂಡು.