ಬ್ಯಾಂಕ್ ಹರಾಜಿನಲ್ಲಿ ಮನೆ, ಮಳಿಗೆ ಕೂಗುವ ಮುನ್ನ ಇದು ಗೊತ್ತಿರಲಿ

ಸಾಲ ಕಟ್ಟದವರ ಮನೆ, ಸೈಟು, ಅಂಗಡಿ ಮಳಿಗೆಗಳನ್ನು ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಡಿ ಹರಾಜು ಹಾಕುತ್ತವೆ. ಈಗ ಬಹುತೇಕ ಆನ್‌ಲೈನ್‌ನಲ್ಲೇ. ಕಡಿಮೆ ರೇಟಿಗೆ ಸಿಗುತ್ತೆ ಅಂತ ಜನ ಮುಂದೆ ಬರ್ತಾರೆ. ಆದರೆ ಕೂಗಿದವರ ಮೇಲೆ ನಿಯಮ ಬಲು ಬಿಗಿ.

ಮೊದಲು ಇಎಂಡಿ ಠೇವಣಿ ಕಟ್ಟಬೇಕು. ಸಾಮಾನ್ಯವಾಗಿ ಮೀಸಲು ಬೆಲೆಯ ಶೇ 10. ಬಿಡ್ ನಿಮಗೇ ನಿಂತರೆ ಇಎಂಡಿ ಸೇರಿ ಬಿಡ್ ಮೊತ್ತದ ಶೇ 25ನ್ನು ಅದೇ ದಿನ, ತಪ್ಪಿದರೆ ಮುಂದಿನ ಕೆಲಸದ ದಿನ ಕಟ್ಟಬೇಕು. ಉಳಿದ ಶೇ 75 ಮಾರಾಟ ಖಾತ್ರಿಯಾದ 15 ದಿನದೊಳಗೆ. ಬ್ಯಾಂಕ್ ಲಿಖಿತವಾಗಿ ಒಪ್ಪಿದರೆ ಗಡುವು ಸಿಗುತ್ತದೆ, ಅದೂ ಹೆಚ್ಚೆಂದರೆ ಮೂರು ತಿಂಗಳು. ‘ಆಮೇಲೆ ಲೋನ್ ಮಾಡಿಸಿದ್ರಾಯ್ತು’ ಅಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ.

ಗಡುವು ಮೀರಿದರೆ ಕಟ್ಟಿದ ಹಣ ಮುಟ್ಟುಗೋಲು. ತಮಿಳುನಾಡಿನ ಪ್ರಕರಣವೊಂದರಲ್ಲಿ 12.27 ಕೋಟಿಗೆ ಕೂಗಿದವರು ಬಾಕಿ ಕಟ್ಟಲಾಗದೆ 3 ಕೋಟಿಗೂ ಹೆಚ್ಚು ಕಳೆದುಕೊಂಡರು. ಬ್ಯಾಂಕ್ ಅದೇ ಆಸ್ತಿಯನ್ನು ಮತ್ತೆ 14.76 ಕೋಟಿಗೆ ಮಾರಿತು. ನಷ್ಟವೇ ಆಗದ ಬ್ಯಾಂಕಿಗೆ ಆ ಹಣ ಯಾಕೆ ಅನ್ನಿಸಬಹುದು. ಆದರೂ 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮುಟ್ಟುಗೋಲನ್ನು ಎತ್ತಿಹಿಡಿಯಿತು.

ನೋಟಿಸಿನಲ್ಲಿ ‘ಇದ್ದಲ್ಲಿ, ಇದ್ದ ಹಾಗೆ’ ಎಂಬ ಷರತ್ತಿರುತ್ತದೆ. ಒಳಗೆ ಬಾಡಿಗೆದಾರರು ಕೂತಿದ್ದರೆ, ಕಂದಾಯ, ಕರೆಂಟ್ ಬಿಲ್ ಬಾಕಿ ಇದ್ದರೆ ಅದು ಕೊಂಡವರ ತಲೆಗೇ ಸುತ್ತಿಕೊಳ್ಳಬಹುದು. ಹಾಗಾಗಿ ಇಸಿ ತೆಗೆಸಿ, ಖಾತೆ ನೋಡಿ, ಜಾಗಕ್ಕೇ ಹೋಗಿ ಅಕ್ಕಪಕ್ಕದ ಅಂಗಡಿಯವರನ್ನು ವಿಚಾರಿಸಿ. ಸ್ವಾಧೀನ ಬ್ಯಾಂಕಿನ ಕೈಯಲ್ಲಿದೆಯೋ, ಬರೀ ಕಾಗದದ ಮೇಲಿದೆಯೋ ಎಂಬುದನ್ನು ಇಎಂಡಿ ಕಟ್ಟುವ ಮೊದಲೇ ಕೇಳಿ.