ಹೊಲ ಉಳಿಸಿದ ಕ್ರಯಪತ್ರ

ನಮ್ಮ ಹಳೆಯ ದಾನಶಾಸನಗಳನ್ನು ಓದಿದವರಿಗೆ ‘ಅಷ್ಟಭೋಗ’ ಎಂಬ ಮಾತು ಹೊಸದಲ್ಲ. ವಿಜಯನಗರ ಕಾಲದ ತಾಮ್ರಪಟಗಳಲ್ಲಿ ಅರಸನು ಗ್ರಾಮವೊಂದನ್ನು ದಾನವಾಗಿ ಕೊಡುವಾಗ ನೆಲವನ್ನು ಕೊಟ್ಟೆನೆಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟು ಭೋಗಗಳನ್ನು ಒಂದೊಂದಾಗಿ ಎಣಿಸಿ ಕೊಡುತ್ತಾನೆ. ಇವುಗಳಲ್ಲಿ ಕೊನೆಯ ಎರಡು ನನ್ನ ಮನಸ್ಸನ್ನು ಬಹುಕಾಲದಿಂದ ಸೆಳೆದಿವೆ. ‘ಸಿದ್ಧ’ವೆಂದರೆ ಆ ನೆಲದಿಂದ ಈಗಾಗಲೇ ಒದಗಿಬಂದಿರುವ ಫಲ, ‘ಸಾಧ್ಯ’ವೆಂದರೆ ಮುಂದೆ ಅದರಿಂದ ಸಾಧಿಸಿಕೊಳ್ಳಬಹುದಾದದ್ದು. ನಮ್ಮ ಪೂರ್ವಿಕರು ಈ ಎಂಟನ್ನೂ ಹೆಸರಿಟ್ಟು ಗುರುತಿಸಿದರು. ಆದರೆ ಕೊಡುವಾಗ ಒಟ್ಟಿಗೇ ಕೊಟ್ಟರು. ‘ಸಿದ್ಧ’ವನ್ನು ರೈತನಲ್ಲೇ ಉಳಿಸಿ, ‘ಸಾಧ್ಯ’ವನ್ನು ಮಾತ್ರ ಬಿಡಿಸಿ ಮಾರುವುದು ಆದೀತೆ? 1970ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಮೂಲೆಯ ಜನ ಆದೀತೆಂದು ತೋರಿಸಿಕೊಟ್ಟರು. ಅವರಿಗೆ ನಮ್ಮ ಶಾಸನಗಳ ಪರಿಚಯವಿರಲಿಲ್ಲ, ನಿಜ. ಆದರೂ ಅವರು ಮಾಡಿದ ಕೆಲಸವನ್ನು ವಿವರಿಸಲು ನನಗೆ ಈ ಎರಡು ಮಾತುಗಳಿಗಿಂತ ಒಳ್ಳೆಯ ಮಾತು ದೊರೆತಿಲ್ಲ.

ನ್ಯೂಯಾರ್ಕ್ ನಗರದಿಂದ ಪೂರ್ವಕ್ಕೆ ಅಟ್ಲಾಂಟಿಕ್ ಸಾಗರದೊಳಗೆ ಚಾಚಿಕೊಂಡಿರುವ ನೀಳವಾದ ದ್ವೀಪಕ್ಕೆ ಲಾಂಗ್ ಐಲೆಂಡ್ ಎಂದು ಹೆಸರು. ಅದರ ಪಶ್ಚಿಮದ ತುದಿಯಲ್ಲಿ ನಗರದ ಜನನಿಬಿಡ ಭಾಗಗಳಾದ ಬ್ರೂಕ್ಲಿನ್ ಮತ್ತು ಕ್ವೀನ್ಸ್ ಇವೆ. ಮುಂದೆ ನಾಸೊ ಕೌಂಟಿ, ಅದಕ್ಕೂ ಮುಂದೆ ಸಫೋಕ್ ಕೌಂಟಿ. ಕೌಂಟಿಯೆಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ. ಪೂರ್ವದಲ್ಲಿ ದ್ವೀಪವು ಮೀನಿನ ಬಾಲದಂತೆ ಎರಡಾಗಿ ಸೀಳಿಕೊಳ್ಳುತ್ತದೆ. ಹಿಮಯುಗದಲ್ಲಿ ನೀರ್ಗಲ್ಲಿನ ಹಾಳೆಗಳು ಹೊತ್ತು ತಂದು ಹಾಕಿದ ಮಣ್ಣು ಅಲ್ಲಿನದು: ಕಲ್ಲು ಕಡಮೆ, ನೀರು ಚೆನ್ನಾಗಿ ಇಳಿಯುತ್ತದೆ, ಉಳಲು ಹಗುರ. ಮೊದಲು ಅಲ್ಲಿದ್ದವರು ಕಾರ್ಚಾಗ್, ಶಿನ್ನೆಕಾಕ್ ಮೊದಲಾದ ಮೂಲನಿವಾಸಿಗಳು. 1640ರಲ್ಲಿ ಇಂಗ್ಲಿಷ್ ವಲಸೆಗಾರರು ಬಂದು ಸೌತೋಲ್ಡ್, ಸೌತ್‌ಹ್ಯಾಂಪ್ಟನ್ ಊರುಗಳನ್ನು ಕಟ್ಟಿದರು. ಇಪ್ಪತ್ತನೆಯ ಶತಮಾನದ ಹೊತ್ತಿಗೆ, ಪೋಲೆಂಡಿನಿಂದ ಬಂದ ರೈತ ಕುಟುಂಬಗಳೂ ಸೇರಿ, ಈ ಸೀಮೆಯನ್ನು ಆಲೂಗೆಡ್ಡೆಗೂ ಹೂಕೋಸಿಗೂ ಹೆಸರುವಾಸಿಯಾಗಿ ಮಾಡಿದ್ದರು.

ಎರಡನೆಯ ಮಹಾಯುದ್ಧ ಮುಗಿಯಿತು. ಸೈನ್ಯದಿಂದ ಮರಳಿದ ತರುಣರಿಗೆ ಮನೆಗಳು ಬೇಕಾದವು. 1947ರಿಂದ 1951ರ ನಡುವೆ ನಾಸೊ ಕೌಂಟಿಯ ಆಲೂಗೆಡ್ಡೆ ಹೊಲಗಳ ಮೇಲೆ ಲೆವಿಟೌನ್ ಎಂಬ ಬಡಾವಣೆ ಎದ್ದಿತು. ಒಂದೇ ಅಚ್ಚಿನಿಂದ ತೆಗೆದಂತಿದ್ದ 17 ಸಾವಿರಕ್ಕೂ ಹೆಚ್ಚು ಮನೆಗಳು! ಅಲ್ಲಿಂದ ಮುಂದಕ್ಕೆ ಮನೆಗಳ ಸಾಲು ಪೂರ್ವಕ್ಕೆ ಹರಿಯಿತು. 1950ರಲ್ಲಿ 2 ಲಕ್ಷ 76 ಸಾವಿರದಷ್ಟಿದ್ದ ಸಫೋಕಿನ ಜನಸಂಖ್ಯೆ 1970ರಲ್ಲಿ 11 ಲಕ್ಷವನ್ನು ಮೀರಿತು. 1972ರಲ್ಲಿ ಹೆದ್ದಾರಿಯು ರಿವರ್‌ಹೆಡ್‌ವರೆಗೆ, ಎಂದರೆ ಹೊಲಗಳ ಹೊಸ್ತಿಲವರೆಗೆ ಬಂದು ನಿಂತಿತು.

ರೈತನು ದುರಾಸೆಯಿಂದ ಹೊಲ ಮಾರಿದನೆಂದು ಹೇಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ನಿವೇಶನಗಳಾಗಿ ಮಾರಿದರೆ ಬರುವ ಹಣವನ್ನು ಆಲೂಗೆಡ್ಡೆ ಬೆಳೆದು ಸಂಪಾದಿಸಲು ಒಂದು ಜನ್ಮ ಸಾಲದು. ಮಾರಲು ಇಷ್ಟವಿಲ್ಲದವನಿಗೂ ಬೇರೊಂದು ಸಂಕಟ ಕಾದಿತ್ತು. ತಂದೆ ತೀರಿಕೊಂಡಾಗ ಸರಕಾರವು ಆಸ್ತಿಯ ಮೇಲೆ ಮರಣತೆರಿಗೆಯನ್ನು ಲೆಕ್ಕಹಾಕುತ್ತಿದ್ದುದು ಹೊಲದ ಬೆಲೆಯ ಮೇಲಲ್ಲ, ನಿವೇಶನದ ಬೆಲೆಯ ಮೇಲೆ. ಮಗನು ತೆರಿಗೆ ಕಟ್ಟುವುದಕ್ಕಾಗಿಯೇ ಹೊಲವನ್ನು ಮಾರಬೇಕಾಗುತ್ತಿತ್ತು. ಇನ್ನೂ ಆಗದೇ ಇರುವ ‘ಸಾಧ್ಯ’ವು ಕಣ್ಣೆದುರಿಗೇ ಇರುವ ‘ಸಿದ್ಧ’ವನ್ನು ನುಂಗುವುದೆಂದರೆ ಇದೇ.

ಹಾಗಾದರೆ ಉಪಾಯವೇನು? ‘ಇಲ್ಲಿ ಮನೆ ಕಟ್ಟಕೂಡದು’ ಎಂದು ಕಟ್ಟಳೆ ಮಾಡಿಬಿಡಬಹುದು. ಆದರೆ ಒಂದು ಚುನಾವಣೆ ಬರೆದ ಕಟ್ಟಳೆಯನ್ನು ಇನ್ನೊಂದು ಚುನಾವಣೆ ಅಳಿಸಬಹುದು. ಅಲ್ಲದೆ, ಊರಿಗೆಲ್ಲ ಹಸಿರು ಬೇಕೆಂದು ಒಬ್ಬ ರೈತನ ಆಸ್ತಿಯ ಮುಕ್ಕಾಲು ಬೆಲೆಯನ್ನು ಬಿಡಿಕಾಸು ಕೊಡದೆ ಕರಗಿಸುವುದು ಧರ್ಮವೆ? ಹೊಲಗಳನ್ನೇ ಪೂರ್ತಿಯಾಗಿ ಕೊಂಡುಬಿಡೋಣವೆಂದರೆ ಬೊಕ್ಕಸಕ್ಕೆ ಅಷ್ಟು ಶಕ್ತಿಯಿಲ್ಲ. ಕೊಂಡ ಮೇಲೆ ಉಳುವವರಾರು?

ಈ ಇಕ್ಕಟ್ಟಿನಿಂದ ಹೊರಬರುವ ಮೂರನೆಯ ದಾರಿಯನ್ನು ಜನರ ಮುಂದಿಟ್ಟವನು 1972ರಿಂದ 1979ರವರೆಗೆ ಸಫೋಕ್ ಕೌಂಟಿಯ ಆಡಳಿತ ಮುಖ್ಯಸ್ಥನಾಗಿದ್ದ ಜಾನ್ ಕ್ಲೈನ್. ಅಮೆರಿಕದ ನ್ಯಾಯಶಾಸ್ತ್ರವು ಭೂಸ್ವಾಮ್ಯವನ್ನು ಒಂದು ಕಡ್ಡಿಯ ಕಟ್ಟಿಗೆ ಹೋಲಿಸುತ್ತದೆ. ಉಳುವ ಹಕ್ಕು ಒಂದು ಕಡ್ಡಿ, ಗೇಣಿಗೆ ಕೊಡುವ ಹಕ್ಕು ಒಂದು ಕಡ್ಡಿ, ಮನೆ ಕಟ್ಟುವ ಹಕ್ಕು ಇನ್ನೊಂದು. ಈ ಕಟ್ಟಿನಿಂದ ಒಂದೇ ಒಂದು ಕಡ್ಡಿಯನ್ನು, ಅಂದರೆ ‘ಅಭಿವೃದ್ಧಿ’ಯ ಹಕ್ಕನ್ನು ಹಿರಿದುಕೊಂಡು ಕೊಳ್ಳುವುದು, ಉಳಿದುದೆಲ್ಲ ರೈತನದೇ. ಬೆಲೆ ಕಟ್ಟುವ ರೀತಿಯೂ ಸರಳವಾದುದು. ಊಹೆಗಾಗಿ ಒಂದು ಲೆಕ್ಕ ಹೇಳುತ್ತೇನೆ. ನಿವೇಶನವಾಗಿ ಎಕರೆಗೆ ಹತ್ತು ಸಾವಿರ ಡಾಲರ್ ಬಾಳುವ ಭೂಮಿ ಬರಿಯ ಹೊಲವಾಗಿ ಎರಡು ಸಾವಿರ ಬಾಳುವುದಾದರೆ, ನಡುವಣ ಎಂಟು ಸಾವಿರವೇ ಆ ಹಕ್ಕಿನ ಬೆಲೆ. ಅದನ್ನು ಪಡೆದ ರೈತನು ಎಂದಿನಂತೆ ಉಳಬಹುದು, ಗೇಣಿಗೆ ಕೊಡಬಹುದು, ಮಕ್ಕಳಿಗೆ ಬಿಡಬಹುದು, ಮಾರಲೂಬಹುದು. ಆದರೆ ಕೊಂಡವನಿಗೂ, ಅವನಿಂದ ಕೊಂಡವನಿಗೂ ಆ ನೆಲದಲ್ಲಿ ಬಡಾವಣೆ ಕಟ್ಟುವ ಅಧಿಕಾರ ಬರುವುದಿಲ್ಲ. ಕರಾರು ಮನುಷ್ಯನಿಗಲ್ಲ, ನೆಲಕ್ಕೇ ಅಂಟಿಕೊಂಡಿರುತ್ತದೆ.

ಕೆಲವು ರಾಜ್ಯಗಳಲ್ಲಿ ಇದೇ ಏರ್ಪಾಡಿಗೆ ‘ಈಸ್‌ಮೆಂಟ್’ ಎಂಬ ಹೆಸರು ಬಳಕೆಯಲ್ಲಿದೆ. ಈ ಮಾತು ನಮ್ಮ ಕೋರ್ಟುಕಚೇರಿಗಳಿಗೂ ಪರಿಚಿತ. ಪಕ್ಕದವನ ಹೊಲದ ಮೇಲೆ ಹಾದುಹೋಗುವ ದಾರಿಯ ಹಕ್ಕು, ನೀರು ಹಾಯಿಸುವ ಕಾಲುವೆಯ ಹಕ್ಕು ಇವೆಲ್ಲ ಈ ಬಗೆಯವು. ಆದರೆ ಇಲ್ಲಿ ಊರು ಕೊಂಡುಕೊಳ್ಳುವುದು ಏನನ್ನಾದರೂ ಮಾಡುವ ಹಕ್ಕನ್ನಲ್ಲ. ಏನನ್ನೂ ಮಾಡಗೊಡದಿರುವ ಹಕ್ಕನ್ನು.

1974ರಲ್ಲಿ ಸಫೋಕ್ ಕೌಂಟಿ ಇದಕ್ಕಾಗಿ ಕಾನೂನು ಮಾಡಿತು. ಅಮೆರಿಕದಲ್ಲಿ ಇಂಥ ಯೋಜನೆಗೆ ಇದೇ ಮೊದಲು. 1976ರಲ್ಲಿ 2 ಕೋಟಿ 10 ಲಕ್ಷ ಡಾಲರ್ ಸಾಲಪತ್ರಗಳಿಗೆ ಒಪ್ಪಿಗೆ ದೊರೆಯಿತು. 1977ರಲ್ಲಿ ಮೊದಲ ಕ್ರಯಪತ್ರಗಳು ನೋಂದಣಿಯಾದವು. ಕೆಲವೇ ವರ್ಷಗಳಲ್ಲಿ ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ರಾಜ್ಯಗಳು ಇದೇ ಜಾಡನ್ನು ಹಿಡಿದವು.

ಕೌಂಟಿಯ ಹಿಂದೆಯೇ ಅದರೊಳಗಿನ ಟೌನುಗಳೂ ಹೊರಟವು. ನ್ಯೂಯಾರ್ಕಿನ ‘ಟೌನ್’ ಎಂದರೆ ಬರಿಯ ಪೇಟೆಯಲ್ಲ. ಹಲವು ಹಳ್ಳಿಗಳೂ ಹೊಲಗಳೂ ಕೂಡಿದ, ನಮ್ಮ ಹೋಬಳಿಯನ್ನು ಹೋಲುವ ಆಡಳಿತ ಘಟಕ. ಸೌತೋಲ್ಡ್ ಟೌನಿನ ಭೂಸಂರಕ್ಷಣಾ ಸಮಿತಿಯನ್ನೇ ನೋಡಿ. ಟೌನಿನ ಆಡಳಿತ ಮಂಡಳಿ ನೇಮಿಸಿದ ಊರವರೇ ಅದರ ಸದಸ್ಯರು. ಇಂಥ ಸಮಿತಿಗಳ ಮುಂದಿರುವ ಪ್ರಶ್ನೆಗಳು ಪುರಾಣದವಲ್ಲ, ಪಂಚಾಯಿತಿಯವು. ಈ ಹೊಲದ ಮಣ್ಣು ಎಂಥದು? ಪಕ್ಕದ ಹೊಲ ಈಗಾಗಲೇ ಉಳಿದಿದೆಯೆ, ಇಲ್ಲವೆ ಇದೊಂದೇ ಮನೆಗಳ ನಡುವೆ ಸಿಕ್ಕಿಬೀಳುವುದೆ? ಬಡಾವಣೆಯ ಒತ್ತಡ ಎಷ್ಟು ಹತ್ತಿರ ಬಂದಿದೆ? ಬೆಲೆ ನ್ಯಾಯವೆ? ಸಮಿತಿ ಶಿಫಾರಸು ಮಾಡಬಹುದು, ಅಷ್ಟೇ. ಕೊಳ್ಳುವ ಮುನ್ನ ಬಹಿರಂಗ ಸಭೆ ಸೇರಿ ಜನರ ಮಾತನ್ನು ಕೇಳಲೇಬೇಕೆಂಬುದು ರಾಜ್ಯದ ಕಾನೂನು. ಮಾರುವುದಕ್ಕೆ ರೈತನನ್ನು ಯಾರೂ ಬಲವಂತ ಮಾಡುವಂತಿಲ್ಲ. ಅವನಾಗಿ ಬಂದರೆ ಮಾತ್ರ ವ್ಯವಹಾರ.

ಹಣವೆಲ್ಲಿಂದ? 1998ರಲ್ಲಿ ಪೂರ್ವ ತುದಿಯ ಐದು ಟೌನುಗಳ ಮತದಾರರು, ತಮ್ಮ ಸೀಮೆಯಲ್ಲಿ ಸ್ಥಿರಾಸ್ತಿ ಕೈಬದಲಾದಾಗ ಕೊಂಡವರಿಂದ ಶೇಕಡ 2ರಷ್ಟು ತೆರಿಗೆ ಪಡೆದು ಭೂಸಂರಕ್ಷಣೆಯ ನಿಧಿಗೆ ಹಾಕಲು ಒಪ್ಪಿದರು. ಕಡಲ ತೀರದಲ್ಲಿ ಬಂಗಲೆ ಕೊಳ್ಳುವ ಧನಿಕನ ಹಣವೇ ಪಕ್ಕದ ಹೊಲವನ್ನು ಇನ್ನೊಂದು ಬಂಗಲೆಯಾಗದಂತೆ ಕಾಯುತ್ತದೆ! 2016ರಲ್ಲಿ ಜನರು ಮತ್ತೆ ಮತ ಕೊಟ್ಟು ಇದರ ಅವಧಿಯನ್ನು 2050ರವರೆಗೆ ಮುಂದುವರಿಸಿದರು.

ಇದೆಲ್ಲ ಸಿರಿವಂತರ ಸೀಮೆಗೆ ಒಪ್ಪುವ ಮಾತು ಎಂದು ಯಾರಾದರೂ ಅಂದಾರು. ಅವರಿಗೆ ನಾನು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ಮಗ್ಗುಲಲ್ಲಿರುವ ಡನ್ ಎಂಬ ಟೌನನ್ನು ತೋರಿಸುತ್ತೇನೆ. ಸುಮಾರು ಐದು ಸಾವಿರ ಜನರಿರುವ ಊರು. 1996ರಲ್ಲಿ ಅಲ್ಲಿನವರು ತಮ್ಮ ಆಸ್ತಿತೆರಿಗೆಯನ್ನು ಸಾವಿರ ಡಾಲರ್ ಮೌಲ್ಯಕ್ಕೆ ಐವತ್ತು ಸೆಂಟಿನಂತೆ ತಾವೇ ಮತ ಕೊಟ್ಟು ಏರಿಸಿಕೊಂಡರು. ಆ ಹಣದಿಂದ ಊರಿನ ಹೊಲಗಳ ಮೇಲಣ ಹಕ್ಕುಗಳನ್ನು ಊರೇ ಕೊಳ್ಳಲಾರಂಭಿಸಿತು. ತೆರಿಗೆ ಇಳಿಸೆಂದು ಮತ ಕೊಡುವುದನ್ನು ನಾವೆಲ್ಲ ಕೇಳಿದ್ದೇವೆ. ಏರಿಸೆಂದು ಮತ ಕೊಟ್ಟ ಊರುಗಳು ವಿರಳ.

ಹೀಗೆಂದು ಇದನ್ನೊಂದು ಮಂಗಳಾರತಿಯ ಕಥೆಯಾಗಿ ಹೇಳಿ ಮುಗಿಸುವುದು ಇತಿಹಾಸದ ವಿದ್ಯಾರ್ಥಿಗೆ ಶೋಭಿಸದು. 1979ರಲ್ಲಿ, ಮೊದಲ ಕ್ರಯಪತ್ರಗಳ ಮಸಿ ಆರಿ ಎರಡು ವರ್ಷವಾಗುವಷ್ಟರಲ್ಲೇ, ಸಫೋಕಿನ ಬಾವಿಗಳ ನೀರಿನಲ್ಲಿ ಆಲೂಗೆಡ್ಡೆಯ ಹುಳುವಿಗೆ ಹಾಕುತ್ತಿದ್ದ ಆಲ್ಡಿಕಾರ್ಬ್ ಎಂಬ ಕೀಟನಾಶಕ ಕಾಣಿಸಿಕೊಂಡಿತು. ಉಳಲು ಹಗುರವಾದ, ನೀರು ಬೇಗ ಇಳಿಯುವ ಆ ಮಣ್ಣೇ ವಿಷವನ್ನೂ ಬೇಗ ಇಳಿಸಿತ್ತು. ಮರುವರ್ಷವೇ ಅಲ್ಲಿ ಆ ಔಷಧದ ಮಾರಾಟ ನಿಂತಿತು. ಹೊಲವನ್ನು ಉಳಿಸಲು ತೆರಿಗೆ ತೆತ್ತ ಜನ ಅದೇ ಹೊಲದಿಂದ ಇಳಿದ ವಿಷವನ್ನು ಕುಡಿಯಬೇಕಾಯಿತು. ಕ್ರಯಪತ್ರವು ಹೊಲದಲ್ಲಿ ಮನೆ ಏಳದಂತೆ ತಡೆಯಬಲ್ಲದು. ಹೊಲದಲ್ಲಿ ಏನು ಚೆಲ್ಲುತ್ತಾರೆಂಬುದನ್ನು ತಡೆಯಲಾರದು.

ಇನ್ನೊಂದು ತೊಡಕು ನಿಧಾನವಾಗಿ ಗೋಚರಿಸಿತು. ಹೊಲ ಉಳಿದರೆ ರೈತನೂ ಉಳಿಯುವನೆಂದು ಎಲ್ಲರೂ ನಂಬಿದ್ದರು. 1973ರಲ್ಲಿ ಕಚೋಗ್ ಎಂಬಲ್ಲಿನ ಹಳೆಯ ಆಲೂಗೆಡ್ಡೆ ಹೊಲದಲ್ಲಿ ದ್ವೀಪದ ಮೊದಲ ದ್ರಾಕ್ಷಾರಸದ ತೋಟ ಆರಂಭವಾಗಿತ್ತು. ಮುಂದೆ ಅಂಥವು ಹಲವಾದವು. ಅದೂ ಬೇಸಾಯವೇ, ತಪ್ಪೇನಿಲ್ಲ. ಆದರೆ ಕೆಲವು ಕಡೆ ಸಿರಿವಂತರು ಹಕ್ಕು ಕಳೆದುಕೊಂಡ ಹೊಲವನ್ನೇ ಕೊಂಡು, ಕುದುರೆ ಮೇಯಿಸಲೋ ತಮ್ಮ ಕಿಟಕಿಯ ನೋಟಕ್ಕೋ ಇರಿಸಿಕೊಂಡರು. ಮನೆ ಕಟ್ಟಲಾಗದ ನೆಲವೂ ಎಳೆಯ ರೈತನ ಕೈಗೆ ಎಟುಕದಷ್ಟು ದುಬಾರಿಯಾಯಿತು. ಆದುದರಿಂದ 2010ರ ದಶಕದಲ್ಲಿ ಸೌತ್‌ಹ್ಯಾಂಪ್ಟನ್ ಟೌನ್, 1983ರಲ್ಲಿ ಸ್ಥಾಪಿತವಾದ ಪೆಕಾನಿಕ್ ಲ್ಯಾಂಡ್ ಟ್ರಸ್ಟಿನೊಡನೆ ಸೇರಿ, ಕೆಲವು ಹೊಸ ಕರಾರುಗಳಲ್ಲಿ ಇನ್ನೊಂದು ನಿಬಂಧನೆಯನ್ನು ಸೇರಿಸಿತು: ಮನೆ ಕಟ್ಟದಿದ್ದರೆ ಸಾಲದು, ಆಹಾರ ಬೆಳೆಯಲೇಬೇಕು.

ಎಲ್ಲಕ್ಕಿಂತ ಗಹನವಾದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಸಫೋಕ್ ಕೌಂಟಿ 2010ರಲ್ಲೂ 2013ರಲ್ಲೂ ತನ್ನ ಕಾನೂನನ್ನು ತಿದ್ದಿ, ಸಂರಕ್ಷಿತ ಹೊಲಗಳಲ್ಲಿ ಬೇಸಾಯಕ್ಕೆ ಬೇಕಾದ ಕೆಲವು ಕಟ್ಟಡಗಳಿಗೆ ಅನುಮತಿ ಕೊಡಲು ಅವಕಾಶ ಮಾಡಿತು. ಪೈನ್ ಬ್ಯಾರೆನ್ಸ್ ಸೊಸೈಟಿ ಎಂಬ ಪರಿಸರ ಸಂಸ್ಥೆ ಇದನ್ನು ಪ್ರಶ್ನಿಸಿತು. ಸಾರ್ವಜನಿಕರು ಹಣ ಕೊಟ್ಟು ಕೊಂಡ ಹಕ್ಕನ್ನು ಜನಮತ ಪಡೆಯದೆ ಹಿಂದಕ್ಕೆ ಕೊಟ್ಟಂತಾಗಲಿಲ್ಲವೆ ಎಂಬುದು ಅದರ ವಾದ. ರೈತರು ಕೇಳಿದರು: ಕೊಟ್ಟಿಗೆಯಿಲ್ಲದೆ, ಗಿಡ ಬೆಳೆಸುವ ಗಾಜಿನ ಮನೆಯಿಲ್ಲದೆ ಈ ಕಾಲದಲ್ಲಿ ಬೇಸಾಯವುಂಟೆ? 2016ರಲ್ಲಿ ಕೆಳ ನ್ಯಾಯಾಲಯ ತಿದ್ದುಪಡಿಗಳನ್ನು ರದ್ದುಪಡಿಸಿತು. 2018ರಲ್ಲಿ ಮೇಲ್ಮನವಿಯ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ, ಬೇಸಾಯಕ್ಕೆ ಅಗತ್ಯವಾದುದನ್ನು ಕಟ್ಟುವ ಹಕ್ಕು ರೈತನಲ್ಲೇ ಉಳಿದಿತ್ತೆಂಬ ನಿಲುವನ್ನು ಎತ್ತಿಹಿಡಿಯಿತು. ಅಂತೂ ‘ಸಿದ್ಧ’ದ ಮೇರೆ ಎಲ್ಲಿ ಮುಗಿಯುತ್ತದೆ, ‘ಸಾಧ್ಯ’ದ ಮೇರೆ ಎಲ್ಲಿಂದ ಮೊದಲಾಗುತ್ತದೆ ಎಂಬುದನ್ನು ನಲವತ್ತು ವರ್ಷಗಳಾದ ಮೇಲೆ ಹೊಸದಾಗಿ ಅಳೆಯಬೇಕಾಯಿತು.

ನಮ್ಮ ಶಾಸನಕಾರರು ‘ಆಚಂದ್ರಾರ್ಕ’ ಎಂದು ಬರೆಸಿ, ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿಸಿ, ದಾನವನ್ನು ಅಪಹರಿಸಿದವನಿಗೆ ಘೋರವಾದ ಶಾಪವನ್ನೂ ಹಾಕಿಸುತ್ತಿದ್ದರು. ಅಷ್ಟು ಶಾಪಗಳಿದ್ದೂ ಎಷ್ಟೋ ದತ್ತಿಗಳು ಅಳಿದುಹೋದವು. ಅಮೆರಿಕದ ಈ ಕ್ರಯಪತ್ರಗಳು ಬಯಸುವುದೂ ಅಂಥದೇ ಶಾಶ್ವತಿಯನ್ನು. ಆದರೆ ಅಲ್ಲಿ ಶಾಪದ ಬದಲು ನಿಯಮಿತವಾಗಿ ಹೊಲದ ಎಲ್ಲೆ ಸುತ್ತಿ ನೋಡಿಬರುವ ತಪಾಸಣೆಯಿದೆ. ನನಗೇನೋ ಶಾಪಕ್ಕಿಂತ ಈ ತಿರುಗಾಟದಲ್ಲೇ ಹೆಚ್ಚಿನ ಭರವಸೆ.

ಸಫೋಕಿನಲ್ಲಿ ಒಂದು ಕಾಲಕ್ಕೆ ಲಕ್ಷ ಎಕರೆಯನ್ನು ಮೀರಿದ್ದ ಬೇಸಾಯದ ನೆಲ 2017ರ ಗಣತಿಯಲ್ಲಿ ಸುಮಾರು 30 ಸಾವಿರ ಎಕರೆಗೆ ಇಳಿದಿತ್ತು. ಇಷ್ಟು ವರ್ಷಗಳಲ್ಲಿ ಕೌಂಟಿಯೊಂದೇ ಹಕ್ಕುಗಳನ್ನು ಕೊಂಡು ಹತ್ತು ಸಾವಿರ ಎಕರೆಗೂ ಮೇಲ್ಪಟ್ಟ ಹೊಲವನ್ನು ಉಳಿಸಿದೆ. ಕಳೆದುಹೋದುದರ ಮುಂದೆ ಇದು ದೊಡ್ಡದಲ್ಲ. ಆದರೆ ಹತ್ತು ಸಾವಿರ ಎಕರೆಯಲ್ಲಿ ಪ್ರತಿ ವಸಂತದಲ್ಲೂ ಯಾರಾದರೊಬ್ಬರು ನೇಗಿಲು ಹೂಡಬಹುದು. ಹೂಡುವವರು ಇರುವರೆ ಎಂಬುದನ್ನು ಯಾವ ಕ್ರಯಪತ್ರವೂ ಹೇಳಲಾರದು. ಹೂಡಲು ನೆಲವಿದೆ ಎಂಬುದನ್ನಷ್ಟೇ ಅದು ಹೇಳಬಲ್ಲದು.