ಕಾರ್ಡಿನ ಲೆಕ್ಕಕ್ಕೆ ಬಾರದ ಕಿವಿ

ಮಳವಳ್ಳಿ ತಾಲ್ಲೂಕಿನ ಬ್ಲಫ್ ಎಂಬ ಊರಿಗೆ ಹೆಸರು ಬಂದದ್ದು ಇಂಗ್ಲಿಷ್ ಮಾತಿನಿಂದ; ಕಡಿದಾದ ದಿಬ್ಬಕ್ಕೆ ಆ ಭಾಷೆಯಲ್ಲಿ ಹಾಗೆನ್ನುತ್ತಾರೆ. ಇಲ್ಲಿನ ಶಿವನಸಮುದ್ರ ವಿದ್ಯುದಾಗಾರ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಕಳಿಸಿದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಟರ್ಬೈನಿನ ಪಕ್ಕ ಪಾಳಿ ಪಾಳಿಯಾಗಿ ನಿಂತವರ ಕಿವಿಯ ಮಾತು ಆ ಕಥೆಯಲ್ಲಿ ಬರುವುದಿಲ್ಲ. ಎಡೆಬಿಡದ ಜೋರು ಸದ್ದು ಒಳಕಿವಿಯ ಕೂದಲುಕೋಶಗಳನ್ನು ಕೊಲ್ಲುತ್ತದೆ, ಸತ್ತ ಕೋಶ ಮತ್ತೆ ಹುಟ್ಟದು. ಕಾರ್ಖಾನೆ ಕಾಯ್ದೆಯೇ ಸದ್ದಿನಿಂದಾಗುವ ಈ ಕಿವುಡನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತ್ತು. ಹಾಗಿದ್ದೂ ಕಿವಿ ಮಂದವಾದವರು ಸರ್ಕಾರದ ಆರೋಗ್ಯ ಕಾರ್ಡು ಹಿಡಿದು ಶ್ರವಣ ತಜ್ಞರಾದ ಆಡಿಯಾಲಜಿಸ್ಟರನ್ನು ಹುಡುಕಿದರೆ ಬಾಗಿಲು ತೆರೆಯುವುದು ಕಷ್ಟ.

ತಜ್ಞರೇ ಇಲ್ಲ ಎಂಬ ಸಮಜಾಯಿಷಿ ಈ ಸೀಮೆಗೆ ಒಪ್ಪುವುದಿಲ್ಲ. ದೇಶಕ್ಕೆಲ್ಲ ಆಡಿಯಾಲಜಿಸ್ಟರನ್ನು ತಯಾರು ಮಾಡುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಪಕ್ಕದ ಮೈಸೂರಿನಲ್ಲೇ ಇದೆ. ನನ್ನ ದೃಷ್ಟಿಯಲ್ಲಿ ಕೊರತೆ ಇರುವುದು ವಿಮೆ ಬೆಳೆದ ದಾರಿಯಲ್ಲಿ. 2003ರಲ್ಲಿ ಸಹಕಾರ ಸಂಘಗಳ ರೈತರಿಗೆಂದು ಬಂದ ಯಶಸ್ವಿನಿ ಯೋಜನೆಯ ಜೀವಾಳ ಶಸ್ತ್ರಚಿಕಿತ್ಸೆ. 2010ರ ವಾಜಪೇಯಿ ಆರೋಗ್ಯಶ್ರೀ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳ ಕಡೆ ನೋಡಿತು. 2018ರಲ್ಲಿ ಆರೋಗ್ಯ ಕರ್ನಾಟಕದ ಜೊತೆ ಸೇರಿದ ಆಯುಷ್ಮಾನ್ ಭಾರತ್ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ಕೊಡುತ್ತದೆ, ಆದರೆ ಹೊರರೋಗಿಯ ಖರ್ಚು ಅದರೊಳಗಿಲ್ಲ. ಆಡಿಯಾಲಜಿಸ್ಟರ ಕೆಲಸ ಬಹುಪಾಲು ಹೊರರೋಗಿಯದೇ: ಸದ್ದು ನುಗ್ಗದ ಕೋಣೆಯಲ್ಲಿ ಪರೀಕ್ಷೆ, ಕಿವಿಯ ಅಚ್ಚು, ಮೆಷಿನಿನ ಹೊಂದಾಣಿಕೆ, ತಿಂಗಳು ಬಿಟ್ಟು ಮತ್ತೆ ಹೊಂದಾಣಿಕೆ. ಮಲಗಲು ಹಾಸಿಗೆ ಬೇಡದ ಚಿಕಿತ್ಸೆ ಪಟ್ಟಿಯಲ್ಲಿ ಜಾಗ ಪಡೆಯಲಿಲ್ಲ. ಇತ್ತ ಅಂಗವಿಕಲರಿಗೆ ನೆರವಿನ ಸಾಧನ ಕೊಡಲು 1981ರಲ್ಲೇ ಶುರುವಾದ ಅಡಿಪ್ ಯೋಜನೆಯಿಂದ ಕಿವಿಯ ಮೆಷಿನು ಸಮಾಜ ಕಲ್ಯಾಣದ ಬಾಬತ್ತಾಯಿತು. ಅದನ್ನು ಪಡೆಯಲು ಶೇ 40ರ ಅಂಗವೈಕಲ್ಯ ಪ್ರಮಾಣಪತ್ರ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೂ ಎರಡೂ ಕಿವಿಗಳಲ್ಲಿ 60 ಡೆಸಿಬಲ್ ನಷ್ಟವಾಗದೆ ಯಾರನ್ನೂ ಮಂದ ಶ್ರವಣದವರೆಂದು ಎಣಿಸದು. 45 ಡೆಸಿಬಲ್ ಕಳೆದುಕೊಂಡು, ಸಂತೆಯ ಗದ್ದಲದಲ್ಲಿ ಎದುರಿನವರ ಮಾತು ತಿಳಿಯದೆ ನಿಲ್ಲುವವರು ಎರಡೂ ಖಾತೆಗಳ ನಡುವೆ ಬಿದ್ದುಹೋಗುತ್ತಾರೆ.

ವಿಮೆ ಇರುವುದು ಮನೆ ಮುಳುಗಿಸುವ ಖರ್ಚಿಗೆ, ಸಣ್ಣಪುಟ್ಟ ತಪಾಸಣೆಗಲ್ಲ ಎನ್ನುವವರಿದ್ದಾರೆ. ಆದರೆ ಒಳ್ಳೆಯ ಮೆಷಿನಿನ ಬೆಲೆ ಕೂಲಿಯವರ ತಿಂಗಳುಗಟ್ಟಲೆ ದುಡಿಮೆ. ಹೊರರೋಗಿಯ ಹೊರೆಯನ್ನು ವಿಮೆ ತಾಳದು ಎಂಬುದೂ ನಿಜವಲ್ಲ. 1948ರ ಕಾಯ್ದೆಯಿಂದ ಹುಟ್ಟಿದ ನೌಕರರ ರಾಜ್ಯ ವಿಮೆ (ಇಎಸ್‌ಐ) ಮೊದಲಿನಿಂದಲೂ ಹೊರರೋಗಿಯನ್ನು ನೋಡುತ್ತ ಬಂದಿದೆ. ಅದು ಸಂಬಳದ ಚೀಟಿ ಇರುವವರಿಗೆ ಮಾತ್ರ, ಕಬ್ಬು ಕಡಿಯುವವರಿಗೆ ಇಲ್ಲ, ಅಷ್ಟೆ. ಮೈಸೂರಿನ ಸಂಸ್ಥೆಯಲ್ಲಿ ಕಡಿಮೆ ಖರ್ಚಿನಲ್ಲೇ ಆಗುತ್ತದಲ್ಲ ಎಂಬ ಮಾತಿಗೆ ತೂಕವಿದೆ. ಆದರೆ ಮೆಷಿನಿಗೆ ಒಂದು ಸಲ ಹೋಗಿ ಬಂದರೆ ಸಾಲದು, ಪ್ರತಿ ಸಲವೂ ಬಸ್ ಚಾರ್ಜಿನ ಜೊತೆ ಒಂದು ದಿನದ ಕೂಲಿ ಹೋಗುತ್ತದೆ. ದೂರವೇ ಅಡ್ಡಿಯೆಂದು ಆ ಸಂಸ್ಥೆಗೂ ಗೊತ್ತು, ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಅದು ಸೇವಾ ಕೇಂದ್ರ ತೆರೆದದ್ದು ಅದಕ್ಕೇ. ಬ್ಲಫ್ ಇರುವುದು ಮಂಡ್ಯ ಜಿಲ್ಲೆಯ ಇನ್ನೊಂದು ತುದಿಯಲ್ಲಿ.

ಶ್ರವಣ ಪರೀಕ್ಷೆ, ಕಿವಿಯ ಅಚ್ಚು, ಮೆಷಿನು ಮತ್ತು ಅದರ ಮರುಹೊಂದಾಣಿಕೆಯನ್ನು ರಾಜ್ಯ ಸರ್ಕಾರ ಆರೋಗ್ಯ ಕಾರ್ಡಿನ ಪಟ್ಟಿಗೆ ಸೇರಿಸಬೇಕು, ಆ ಕೆಲಸ ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವಂತೆ ಮಾಡಬೇಕು.